ಕಿವಿಗಾಗಿ ಬರೆಯುವ ವಿದ್ಯೆ

1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ತೆರೆದರು. ಅದಕ್ಕೆ ‘ಆಕಾಶವಾಣಿ’ ಎಂದು ಹೆಸರಾಯಿತು. ಇಂದು ಪತ್ರಿಕೋದ್ಯಮದ ವಿದ್ಯಾರ್ಥಿಗೆ ಧ್ವನಿಮುದ್ರಣ, ಸಂಕಲನಗಳೆರಡೂ ಕೈಯಲ್ಲಿರುವ ಮೊಬೈಲಿನಲ್ಲಿಯೇ ಸಾಧ್ಯ. ಉಪಕರಣ ಸುಲಭವಾಯಿತು, ವಿದ್ಯೆ ಸುಲಭವಾಗಲಿಲ್ಲ. ಓದುಗನು ತಿಳಿಯದ ಸಾಲಿಗೆ ಹಿಂದಿರುಗಿಯಾನು; ಕೇಳುಗನು ಹಿಂದಿರುಗುವುದು ವಿರಳ. ಆದುದರಿಂದ ವಾಕ್ಯಗಳು ಚಿಕ್ಕವಿರಬೇಕು.

ಸಂದರ್ಶನ ಮುಗಿದೊಡನೆ ಏಳದೆ, ಅದೇ ಕೋಣೆಯ ಬರಿಯ ಮೌನವನ್ನು ಒಂದು ನಿಮಿಷ ಮುದ್ರಿಸಿಕೊಳ್ಳುವುದು ರೂಢಿ. ಮಾತನ್ನು ಕತ್ತರಿಸಿ ಜೋಡಿಸಿದೆಡೆ ಈ ಮೌನವನ್ನು ಹಾಸಿದರೆ ಬೆಸುಗೆ ಕೇಳಿಸದು. ಅಪಾಯವಿರುವುದೂ ಇಲ್ಲಿಯೇ. ‘ಸಾಲ ತೀರಿತೆ?’ ಎಂದು ಕೇಳಿದಾಗ ರೈತನೊಬ್ಬನು ಬಹಳ ಹೊತ್ತು ಸುಮ್ಮನಿದ್ದು ‘ತೀರಿತು’ ಎನ್ನಬಹುದು. ಕಾಲ ಉಳಿಸಲೆಂದು ಆ ತಡವನ್ನು ಅಳಿಸಿದರೆ ಕೇಳಿಸುವುದು ನಿಸ್ಸಂಶಯವಾದ ಉತ್ತರ. ಅವನು ಕೊಟ್ಟದ್ದು ಅದಲ್ಲ.