ಮದುವೆ ಹೂವಿಗೆ ಎಷ್ಟು ಹಣ ಎತ್ತಿಡಬೇಕು?

ಪ್ರಶ್ನೆ: ಜನವರಿಯಲ್ಲಿ ಮಗಳ ಮದುವೆ. ಹೂವಿನ ಖರ್ಚನ್ನು ಅಂದಾಜು ಮಾಡುವುದು ಹೇಗೆ?

ಉತ್ತರ: ಮೊತ್ತದಿಂದ ಶುರು ಮಾಡಬೇಡಿ, ಹೂವಿನಿಂದ ಶುರು ಮಾಡಿ. ಹಾರ, ಬಾಸಿಂಗ, ಜಡೆ, ಪೂಜೆಯ ಬಿಡಿ ಹೂವು, ಮುತ್ತೈದೆಯರಿಗೆ ಕೊಡುವ ಮಲ್ಲಿಗೆ: ಇವು ಬೇಕೇ ಬೇಕು. ಇವುಗಳ ಲೆಕ್ಕ ಮುಗಿದ ಮೇಲೆ ಮಂಟಪದ ಅಲಂಕಾರಕ್ಕೆ ಬನ್ನಿ. ಹಣ ಹೆಚ್ಚು ಕರಗುವುದು ಅಲ್ಲೇ.

ನಿಮ್ಮ ತಿಂಗಳು ಸ್ವಲ್ಪ ಕಷ್ಟದ್ದು. ಚಳಿಗೆ ಮಲ್ಲಿಗೆ ಮೊಗ್ಗು ಬಿಡುವುದು ಕಡಿಮೆ, ಬೆಲೆ ಏರುತ್ತದೆ. ಬೇಸಿಗೆಯ ದರ ಕೇಳಿಕೊಂಡು ಅಂದಾಜು ಮಾಡಿದರೆ ಮೋಸ ಹೋಗುತ್ತೀರಿ. ಕರಾವಳಿಯವರಾದರೆ ಉಡುಪಿ ಮಲ್ಲಿಗೆಯ ಅಳತೆ ತಿಳಿದಿರಲಿ: ಒಂದು ಅಟ್ಟೆಗೆ 4 ಚೆಂಡು, ಚೆಂಡಿಗೆ ಸುಮಾರು 800 ಹೂವು. ಬೆಂಗಳೂರಿನಲ್ಲಿ ‘ಮಾರು’ ಎಂದಾಗ ಅಳೆಯುವ ಕೈ ಯಾರದು ಎಂದು ನೋಡಿ, ಒಬ್ಬೊಬ್ಬರ ಅಳತೆ ಒಂದೊಂದು.

ನನ್ನನ್ನು ಕೇಳಿದರೆ, ತಲೆಗೆ ಮುಡಿಯುವ ಹೂವಿನಲ್ಲಿ ಜಿಪುಣತನ ಬೇಡ, ಕಮಾನಿನಲ್ಲಿ ಇರಲಿ. ಚೆಂಡುಹೂವು, ಸೇವಂತಿಗೆ, ಮಾವಿನೆಲೆ, ಬಾಳೆಕಂಬ, ತೆಂಗಿನಗರಿಯ ಮಂಟಪ ಎಷ್ಟು ಚೆಂದ! ಆರ್ಕಿಡ್ ಆಸೆಯಿದ್ದರೆ ವಧೂವರರ ಹಿಂಭಾಗಕ್ಕಷ್ಟೇ ಸಾಕು. ಆರತಕ್ಷತೆಗೂ ಮುಹೂರ್ತಕ್ಕೂ ಅದೇ ಅಲಂಕಾರ ಉಳಿಯುತ್ತದೆಯೇ ಎಂದು ಮೊದಲೇ ಕೇಳಿ ಬರೆಸಿಕೊಳ್ಳಿ.

ಒಂದು ತಿಂಗಳು ಮುಂಚೆ ಬೆಳಗಿನ ಜಾವ ಕೆ.ಆರ್. ಮಾರುಕಟ್ಟೆಗೋ ನಿಮ್ಮೂರಿನ ಹೂವಿನ ಸಂತೆಗೋ ಹೋಗಿ ದರ ಕೇಳಿ. ಅದರ ಮೇಲೆ ಕಾಲುಭಾಗ ಹೆಚ್ಚಿಗೆ ಎತ್ತಿಡಿ. ಲಗ್ನದ ದಿನ ಊರೆಲ್ಲ ಅದೇ ಹೂವನ್ನು ಹುಡುಕುತ್ತಿರುತ್ತದೆ.