ಬದುವಿನ ಮುಂಗುಸಿ

ಹುರುಳಿ ಕಿತ್ತ ಮೇಲೆ ಹೊಲ ಬೋಳಾಗುತ್ತದೆ. ಮುಂಗುಸಿ ನೋಡುವುದಕ್ಕೆ ಅದೇ ಒಳ್ಳೆಯ ಕಾಲ. ಮೂಡಣ ಬದುವಿನಲ್ಲಿ ಹೊಂಗೆ, ಲಂಟಾನ, ಕತ್ತಾಳೆ ಒಂದರೊಳಗೊಂದು ಹೆಣೆದುಕೊಂಡಿವೆ. ನಡುವೆ ಒಂದು ಹಳೇ ಹುತ್ತ. ಇಬ್ಬನಿ ಆರಿ ನೆಲ ಬೆಚ್ಚಗಾಗುವವರೆಗೆ ಮುಂಗುಸಿ ಹೊರಗೆ ಬರುವುದಿಲ್ಲ. ಬಂದರೂ ಮೊದಲು ಮೂಗು ಮಾತ್ರ. ಬಹಳ ಹೊತ್ತು ಅಷ್ಟೇ. ಗಾಳಿಯ ಮೇಲೆ ನಂಬಿಕೆ ಹುಟ್ಟಿದ ಮೇಲೆ ತಲೆ, ಆಮೇಲೆ ಮೈ.

ನಾವು ಅಲುಗಾಡದೆ ಕೂತರೆ ಹತ್ತಡಿ ಹತ್ತಿರಕ್ಕೂ ಬಂದುಬಿಡುತ್ತದೆ. ದೂರದಿಂದ ಬರೀ ಬೂದಿ ಬಣ್ಣ ಅನ್ನಿಸುವ ಮೈ ಹತ್ತಿರದಲ್ಲಿ ಬೇರೆಯೇ. ಒಂದೊಂದು ಕೂದಲಿಗೂ ಕಪ್ಪು, ತಿಳಿ ಬಣ್ಣದ ಉಂಗುರಗಳು ಸರದಿಯಲ್ಲಿ. ಕಣ್ಣಿನ ಪಾಪೆ ಬೆಕ್ಕಿಗಿರುವಂತೆ ನೆಟ್ಟಗಿನ ಸೀಳಲ್ಲ, ಅಡ್ಡ ಸೀಳು. ಬಾಲ ಹೆಚ್ಚುಕಡಿಮೆ ಮೈಯಷ್ಟೇ ಉದ್ದ. ತೂಗಿದರೆ ಒಂದು, ಒಂದೂವರೆ ಕಿಲೋ, ಅಷ್ಟೇ ಜೀವ.

ಹಾವಿನ ವೈರಿ ಎಂದೇ ಅದಕ್ಕೆ ಹೆಸರು. ಆದರೆ ಬದುವಿನ ಮೇಲೆ ನಾನು ಕಂಡಿರುವುದು ಹೆಚ್ಚಾಗಿ ಮಿಡತೆ, ಇಲಿ, ಓತಿಕ್ಯಾತದ ಬೇಟೆ. ಒಣಗಿದ ಸಗಣಿಯನ್ನು ಮುಂಗಾಲಿನಿಂದ ಮಗುಚಿ ಕೆಳಗಿನ ಹುಳ ಹೆಕ್ಕುತ್ತದೆ. ಎರಡು ಬಾರಿ ಕೆದಕುವುದು, ತಲೆ ಎತ್ತಿ ನೋಡುವುದು, ಮತ್ತೆ ಕೆದಕುವುದು. ತಿನ್ನುವುದಕ್ಕಿಂತ ನೋಡುವುದಕ್ಕೇ ಹೆಚ್ಚು ಹೊತ್ತು ಹೋಗುತ್ತದೆ. ಎಷ್ಟು ಜನರ ಕಣ್ಣಿಗೆ ತಾನು ಬೀಳಬಹುದೆಂಬ ಲೆಕ್ಕ ಸದಾ ಇಟ್ಟುಕೊಂಡಿರುವ ಪ್ರಾಣಿ ಅದು.

ಒಂದು ಬೆಳಿಗ್ಗೆ ಅದರ ಹಿಂದೆ ಎರಡು ಮರಿಗಳಿದ್ದವು. ಆ ಹೊತ್ತಿಗೇ ಕುರಿಹಟ್ಟಿಯ ನಾಯೊಂದು ಬದು ಹತ್ತಿತು. ಮರಿಗಳು ಕತ್ತಾಳೆ ಬುಡಕ್ಕೆ ನುಗ್ಗಿದವು. ತಾಯಿ ನುಗ್ಗಲಿಲ್ಲ. ಬೆನ್ನು ಕಮಾನಾಯಿತು, ರೋಮವೆಲ್ಲ ನಿಮಿರಿ ಗಾತ್ರ ಇಮ್ಮಡಿಯಾಯಿತು, ಬಾಲ ದಪ್ಪವಾಯಿತು. ಗಂಟಲೊಳಗಿಂದ ಗುರುಗುರು, ನಡುನಡುವೆ ಸೀನಿದಂಥ ಸದ್ದು. ನಾಯಿ ಒಂದು ಹೆಜ್ಜೆ ಮುಂದಿಟ್ಟಿತು. ಇದು ಅದರ ಮೂಗಿನತ್ತಲೇ ನೆಗೆದು ಮತ್ತೆ ತನ್ನ ಜಾಗಕ್ಕೆ ಬಂದು ನಿಂತಿತು. ನಾಯಿ ಬೊಗಳುತ್ತಾ ಹಿಂದೆ ಸರಿಯಿತು. ದುರ್ಬೀನಿನಲ್ಲಿ ನೋಡಿದಾಗ ಮುಂಗುಸಿಯ ಪಕ್ಕೆಗಳು ಅದುರುತ್ತಿದ್ದವು.

ಆ ಅದುರುವಿಕೆ ನನಗೆ ಚೆನ್ನಾಗಿ ಗೊತ್ತು. ನಾನೂ ಸಣ್ಣ ಆಳು, ನನ್ನದೂ ಸಣ್ಣ ದನಿ. ದೊಡ್ಡವರ ಎದುರು ಬೇಡ ಎಂದು ಹೇಳಬೇಕಾಗಿ ಬಂದಾಗಲೆಲ್ಲ ಮೊದಲು ಮೊಣಕಾಲು ನಡುಗಿದೆ, ಆಮೇಲೆ ಮಾತು ಬಂದಿದೆ. ಈ ಜೀವವೂ ಹಾಗೆಯೇ ಇರುವುದನ್ನು ಕಂಡ ದಿನದಿಂದ ಇದು ನನ್ನ ಬಳಗ ಅನ್ನಿಸಿಬಿಟ್ಟಿದೆ. ಜಗಳ ಹುಡುಕಿಕೊಂಡು ಹೋಗುವ ಉಗ್ರತೆ ಅದರದ್ದಲ್ಲ. ಹಿಂದೆ ಸರಿಯಲು ಜಾಗವಿಲ್ಲದಾಗ ಹುಟ್ಟುವಂಥದ್ದು.

"ಮುಂಗುಸೀಗೆ ಹಾವು ಕಚ್ಚಿದ್ರೆ ಹೋಗಿ ಯಾವ್ದೋ ಬೇರು ತಿಂದು ಬತ್ತದೆ ಕಣಪ್ಪ" ಎನ್ನುತ್ತಾರೆ ಪಕ್ಕದ ಹೊಲದ ಅಜ್ಜ. ಬೇರಿನ ಮಾತು ನಿಜವಲ್ಲ. ನರ ಸ್ನಾಯುವಿಗೆ ಸಂದೇಶ ಮುಟ್ಟಿಸುವ ಜಾಗದಲ್ಲಿರುವ ಗ್ರಾಹಕಗಳ ರಚನೆ ಮುಂಗುಸಿಯಲ್ಲಿ ಬೇರೆ ಥರ; ನಾಗರಹಾವಿನ ನರವಿಷಕ್ಕೆ ಅಲ್ಲಿ ಸುಲಭದ ಹಿಡಿತ ಸಿಗುವುದಿಲ್ಲ. ಆ ರಕ್ಷೆಗೂ ಮಿತಿಯುಂಟು, ಹೆಚ್ಚು ವಿಷವಿಳಿದರೆ ಸಾಯುತ್ತದೆ. ಅದನ್ನು ಕಾಯುವುದು ಮುಖ್ಯವಾಗಿ ಅದರ ಚುರುಕು, ನಿಮಿರಿದ ರೋಮ, ಹಾವು ಬಡಿದು ಬಡಿದು ದಣಿಯುವವರೆಗೆ ಕಾಯುವ ತಾಳ್ಮೆ.

ಹಾವಿಗೂ ನಾಯಿಗೂ ಎದುರು ನಿಲ್ಲುವ ಇದು ಉರುಳಿಗೆ, ಬಲೆಗೆ ಸೋಲುತ್ತದೆ. ಅದನ್ನು ಕೊಲ್ಲುವುದು ಕೂದಲಿಗಾಗಿ, ಚಿತ್ರ ಬಿಡಿಸುವ ಬ್ರಷ್ಷಿಗಾಗಿ. ಒಂದು ಮುಂಗುಸಿಯಿಂದ ಸಿಗುವ ಕೂದಲು ಸ್ವಲ್ಪವೇ, ಹಾಗಾಗಿ ಸಾಯುವವು ಬಹಳ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈ ವ್ಯಾಪಾರ ಅಪರಾಧ. 2019ರ ಅಕ್ಟೋಬರಿನಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋ ಇಂಥ ಬ್ರಷ್ಷುಗಳಿಗಾಗಿಯೇ ದೇಶದ ಹಲವೆಡೆ ದಾಳಿ ನಡೆಸಿತು. ಆದರೂ ದಂಧೆ ನಿಂತಿಲ್ಲ.

ಮಕ್ಕಳಿಗೆ ಬ್ರಷ್ ಕೊಳ್ಳುವಾಗ ಕೂದಲನ್ನು ಬೆಳಕಿಗೆ ಹಿಡಿದು ನೋಡಿ. ತುದಿ ಕಡುಗಂದು, ನಡುವೆ ಕೆನೆ ಬಣ್ಣ, ಬುಡ ಮತ್ತೆ ಗಾಢವಾಗಿದ್ದರೆ ಕೊಳ್ಳಬೇಡಿ. ಅರಣ್ಯ ಇಲಾಖೆಗೆ ತಿಳಿಸಿ. ನೈಲಾನಿನ ಬ್ರಷ್ಷಿನಲ್ಲೂ ಚಿತ್ರ ಚೆನ್ನಾಗಿಯೇ ಬರುತ್ತದೆ.