ಮೈನಸ್ 196 ಡಿಗ್ರಿಯಲ್ಲಿ ಮೀನಿನ ವೀರ್ಯ

ತುಂಗಭದ್ರೆಯ ನೀರನ್ನು ನಂಬಿ ಭತ್ತ ಬೆಳೆಯುವ ಸಿರುಗುಪ್ಪದಂಥ ಸೀಮೆಯಲ್ಲಿ ಮೀನು ಸಾಕುವವರು ಹೊಂಡಕ್ಕೆ ಬಿಡುವ ಕಾಟ್ಲಾ, ರೋಹು, ಮೃಗಾಲ್ ಮರಿಗಳು ಈ ನದಿಯ ಮೂಲ ಮೀನುಗಳಲ್ಲ. ಅವು ಉತ್ತರದ ನದಿಗಳಿಂದ ಬಂದು ಹ್ಯಾಚರಿಗಳಲ್ಲಿ, ಅಂದರೆ ಮರಿ ಉತ್ಪಾದನಾ ಕೇಂದ್ರಗಳಲ್ಲಿ, ತಲೆಮಾರುಗಳಿಂದ ವಂಶ ಬೆಳೆಸಿಕೊಂಡಿರುವ ಗೆಂಡೆಗಳು. ಕರ್ನಾಟಕದ ಹ್ಯಾಚರಿಗಳನ್ನು ಕುರಿತು ಏಕನಾಥ್ ಮತ್ತು ಡಾಯ್ಲ್ 1990ರಲ್ಲಿ ಪ್ರಕಟಿಸಿದ ಅಧ್ಯಯನವು, ಕೆಲವೇ ತಾಯಿ-ತಂದೆ ಮೀನುಗಳಿಂದ ಮರಿ ಮಾಡುತ್ತ ಹೋದರೆ ಒಳಸಂಕರಣ, ಎಂದರೆ ಹತ್ತಿರದ ರಕ್ತಸಂಬಂಧಿಗಳ ಕೂಡಿಕೆ, ವರ್ಷವರ್ಷಕ್ಕೂ ಬಲಿಯುತ್ತದೆಂದು ತೋರಿಸಿತು. ದೂರದ ನದಿಯ ಗಂಡು ಮೀನನ್ನು ಜೀವಂತ ಸಾಗಿಸುವ ಬದಲು ಅದರ ವೀರ್ಯವನ್ನಷ್ಟೇ ತರುವುದು ಇದಕ್ಕಿರುವ ಒಂದು ಪರಿಹಾರ.

ಗಂಡು ಮೀನಿನ ದೇಹದೊಳಗೆ ವೀರ್ಯಾಣುಗಳು ಚಲಿಸುವುದಿಲ್ಲ. ಸಿಹಿನೀರಿನ ಗೆಂಡೆಗಳಲ್ಲಿ ಅವು ವೀರ್ಯದ್ರವಕ್ಕಿಂತ ಲವಣಾಂಶ ಕಡಿಮೆಯಿರುವ ನೀರು ತಗುಲಿದ ಕ್ಷಣದಲ್ಲಿ ಎಚ್ಚೆತ್ತು, ಸುಮಾರು ಒಂದು ನಿಮಿಷ ಈಜಿ, ಶಕ್ತಿ ತೀರಿ ನಿಂತುಬಿಡುತ್ತವೆ. ಅಷ್ಟರಲ್ಲಿ ತತ್ತಿಯ ಹೊದಿಕೆಯಲ್ಲಿರುವ ಮೈಕ್ರೊಪೈಲ್ ಎಂಬ ಸೂಕ್ಷ್ಮ ರಂಧ್ರವನ್ನು ಹೊಗದಿದ್ದರೆ ಫಲೀಕರಣವಿಲ್ಲ. ಆದ್ದರಿಂದ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ವೀರ್ಯ ಹಿಂಡುವಾಗ ಮೀನಿನ ಮೈ ಒರೆಸಬೇಕು, ಮೂತ್ರವೂ ಬೆರೆಯದಂತೆ ನೋಡಬೇಕು. ತುಸು ನೀರು ಸೇರಿದರೂ ಸಂಗ್ರಹ ವ್ಯರ್ಥವಾಗುತ್ತದೆ.

ಹೀಗೆ ಹಿಂಡಿದ ವೀರ್ಯವನ್ನು ದೂರಕ್ಕೆ ಒಯ್ಯಲು ಘನೀಕರಿಸಿಡಬೇಕು. ಘನೀಕರಣದ ಅಪಾಯ ಶೀತಕ್ಕಿಂತ ಹೆಚ್ಚಾಗಿ ಮಂಜುಗಡ್ಡೆಯ ಹರಳುಗಳಿಂದ ಬರುತ್ತದೆ: ಕೋಶದ ಹೊರಗಿನ ನೀರು ಹರಳಾದಂತೆ ಉಳಿದ ದ್ರಾವಣದ ಲವಣ ಗಾಢವಾಗುತ್ತದೆ, ಒಳಗೇ ಹರಳು ಮೂಡಿದರೆ ಪೊರೆ ಹರಿಯುತ್ತದೆ. ವೀರ್ಯವನ್ನು ನಿಶ್ಚಲವಾಗಿಡುವ ಲವಣ ದ್ರಾವಣಕ್ಕೆ ಡಿಎಂಎಸ್‌ಒ ಅಥವಾ ಮೆಥನಾಲ್‌ನಂಥ ಶೀತರಕ್ಷಕವನ್ನು ಬೆರೆಸಿ, ದನಗಳ ಕೃತಕ ಗರ್ಭಧಾರಣೆಗೆ ಬಳಸುವಂಥದೇ ತೆಳು ಸ್ಟ್ರಾಗಳಲ್ಲಿ ತುಂಬಿ, ಮೊದಲು ದ್ರವ ಸಾರಜನಕದ ಆವಿಯಲ್ಲಿ ತಣಿಸಿ, ಬಳಿಕ ಮೈನಸ್ 196 ಡಿಗ್ರಿಯ ದ್ರವದಲ್ಲೇ ಮುಳುಗಿಸಿದರೆ ಜೀವಕ್ರಿಯೆ ಬಹುತೇಕ ನಿಂತು ವರ್ಷಗಟ್ಟಲೆ ಉಳಿಯುತ್ತದೆ. ಬ್ಲ್ಯಾಕ್ಸ್‌ಟರ್ 1953ರಲ್ಲಿ, ವಸಂತದಲ್ಲೂ ಶರತ್ತಿನಲ್ಲೂ ಬೇರೆ ಬೇರೆಯಾಗಿ ತತ್ತಿಯಿಡುವ ಹೆರಿಂಗ್ ಮೀನುಗಳನ್ನು ವೀರ್ಯ ಘನೀಕರಿಸಿಟ್ಟು ಕೂಡಿಸಿದ್ದರು. ಕರ್ನಾಟಕದ ಪ್ರಮುಖ ಉದಾಹರಣೆ ಮಂಗಳೂರಿನ ಮೀನುಗಾರಿಕಾ ಕಾಲೇಜಿನದು: ಎನ್. ಬಸವರಾಜ ಮತ್ತು ಎಸ್. ಎನ್. ಹೆಗ್ಡೆ ದಖ್ಖನಿನ ಮಹಶೀರ್ ಮೀನಿನ ವೀರ್ಯಕ್ಕೆ ಯಾವ ದ್ರಾವಣ, ಯಾವ ಶೀತರಕ್ಷಕ, ಎಷ್ಟು ಬೆರಕೆ ಹೊಂದುತ್ತದೆಂಬುದನ್ನು ಪರೀಕ್ಷಿಸಿ 2004ರಲ್ಲಿ ವರದಿ ಮಾಡಿದರು. ಲಖನೌದ ರಾಷ್ಟ್ರೀಯ ಮೀನು ಆನುವಂಶಿಕ ಸಂಪನ್ಮೂಲ ಸಂಸ್ಥೆ ಇತರ ಅನೇಕ ಜಾತಿಗಳಿಗೆ ವಿಧಾನ ರೂಪಿಸಿದೆ.

ಆದರೂ ಹ್ಯಾಚರಿಗಳಲ್ಲಿ ಇದು ನಿತ್ಯದ ಕೆಲಸವಾಗಿಲ್ಲದಿರಲು ಕಾರಣ ಅರಿಯುವುದು ಕಷ್ಟವಲ್ಲ. ಹಾರ್ಮೋನು ಚುಚ್ಚಿ ವೃತ್ತಾಕಾರದ ತೊಟ್ಟಿಗೆ ಬಿಟ್ಟರೆ ಗೆಂಡೆಗಳು ತಾವೇ ಕೂಡಿ ತತ್ತಿಯಿಡುತ್ತವೆ. ಘನೀಕೃತ ವೀರ್ಯ ಬಳಸಬೇಕಾದರೆ ಪ್ರತಿಯೊಂದು ಹೆಣ್ಣಿನ ತತ್ತಿಯನ್ನೂ ಕೈಯಿಂದ ಹಿಂಡಿ ಒಣ ಬೋಗುಣಿಯಲ್ಲಿ ಹಿಡಿಯಬೇಕು, ಸ್ಟ್ರಾಗಳನ್ನು ಬೆಚ್ಚನೆಯ ನೀರಿನಲ್ಲಿ ಕೆಲವೇ ಸೆಕೆಂಡುಗಳಲ್ಲಿ ಕರಗಿಸಿ ತತ್ತಿಯ ಮೇಲೆ ಸುರಿಯಬೇಕು, ಹಕ್ಕಿಯ ಗರಿಯಿಂದ ಮೃದುವಾಗಿ ಬೆರೆಸಿ ಆಮೇಲಷ್ಟೇ ನೀರು ಹಾಕಬೇಕು. ಲಕ್ಷಗಟ್ಟಲೆ ಮರಿಗಳ ವ್ಯಾಪಾರಕ್ಕಿಂತ, ಮುಂದಿನ ತಾಯಿ-ತಂದೆ ಮೀನುಗಳ ದಾಸ್ತಾನಿಗೆ ಹೊಸ ರಕ್ತ ಸೇರಿಸುವುದಕ್ಕೆ ಇದು ಹೆಚ್ಚು ತಕ್ಕದ್ದು. ಮೂಲ ನದಿ ಯಾವುದೆಂದು ಬರೆದಿಡದ ಸ್ಟ್ರಾಗೆ ಸಂರಕ್ಷಣೆಯ ದೃಷ್ಟಿಯಿಂದ ಬೆಲೆ ಕಡಿಮೆ, ಏಕೆಂದರೆ ಒಂದು ನದಿಯ ತಳಿಯನ್ನು ಇನ್ನೊಂದಕ್ಕೆ ಬೆರೆಸುವುದೂ ಹಾನಿಯೇ.

ಮೀನಿನ ತತ್ತಿಯನ್ನು ಮಾತ್ರ ಹೀಗೆ ಕಾಪಿಡಲಾಗುತ್ತಿಲ್ಲ. ಗಾತ್ರದಲ್ಲಿ ದೊಡ್ಡದಾದ, ಹಳದಿ ಲೋಳೆ ತುಂಬಿದ ಅದರೊಳಕ್ಕೆ ಶೀತರಕ್ಷಕ ಸಮನಾಗಿ ಇಳಿಯುವುದಿಲ್ಲ. 2017ರಲ್ಲಿ ಅಮೆರಿಕದ ಸಂಶೋಧಕರು ಚಿನ್ನದ ನ್ಯಾನೊಕಣಗಳನ್ನು ಸೇರಿಸಿ ಲೇಸರ್‌ನಿಂದ ಬಿಸಿ ಮಾಡಿದಾಗ ಜೀಬ್ರಾ ಮೀನಿನ ಘನೀಕೃತ ಭ್ರೂಣಗಳಲ್ಲಿ ಅಲ್ಪಭಾಗ ಬದುಕಿತು, ಆದರೆ ಅದು ಇನ್ನೂ ಹ್ಯಾಚರಿಗೆ ಬಂದ ವಿಧಾನವಲ್ಲ. ಈಗಿನ ಸ್ಥಿತಿಯಲ್ಲಿ ತುಂಗಭದ್ರೆಯ ಯಾವುದೇ ಜಾತಿಯ ಹೆಣ್ಣು ಮೀನು ನದಿಯಲ್ಲೂ ಕೊಳದಲ್ಲೂ ಇಲ್ಲವಾದರೆ, ಶೇಖರಿಸಿಟ್ಟ ವೀರ್ಯವೊಂದರಿಂದಲೇ ಆ ಮೀನನ್ನು ಮರಳಿ ಪಡೆಯುವುದು ಬಹಳ ಕಷ್ಟ.